ಬಾಣಂತಿಯನ್ನು ಕೇಳುವವರಿಲ್ಲ

ಜಂಗಮಕೋಟೆ ಹೋಬಳಿಯಲ್ಲಿ ಈಗ ನಾಲ್ಕು ಜನ ಸೇರಿದರೆ ಮಾತೆಲ್ಲ ಭೂಮಿಯದೇ. ಕೈಗಾರಿಕಾ ಪ್ರದೇಶಕ್ಕೆ ಎರಡು ಸಾವಿರಕ್ಕೂ ಹೆಚ್ಚು ಎಕರೆ ಕೊಡಬೇಕೋ ಬೇಡವೋ ಎಂದು ಊರೂರಲ್ಲಿ ಎರಡೆರಡು ಬಣ. ಅದು ಮುಗಿದರೆ ಬತ್ತಿದ ಕೊಳವೆಬಾವಿ, ರೇಷ್ಮೆಗೂಡಿನ ಧಾರಣೆ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ನಮ್ಮ ಕೆರೆಗಳಿಗೆ ಹರಿಸಿದ್ದು ಸರಿಯೇ ತಪ್ಪೇ ಎಂಬ ಚರ್ಚೆ. ಎಲ್ಲವೂ ಆಡಲೇಬೇಕಾದ ಮಾತುಗಳು. ಆದರೆ ಈ ಹೋಬಳಿ ಸೇರಿರುವ ಶಿಡ್ಲಘಟ್ಟ ತಾಲ್ಲೂಕಿನಲ್ಲಾಗಲಿ, ಪಕ್ಕದ ಚಿಂತಾಮಣಿಯಲ್ಲಾಗಲಿ, ಆಚೆಯ ಗೌರಿಬಿದನೂರಿನಲ್ಲಾಗಲಿ, ಯಾವ ಗ್ರಾಮಸಭೆಯಲ್ಲೂ ಯಾರೂ ಎದ್ದು ನಿಂತು ಕೇಳದ ವಿಷಯವೊಂದಿದೆ: ಬಸುರಿ ಬಾಣಂತಿಯರ ಯೋನಿಯ ಆರೋಗ್ಯ. ಸಂಪಾದಕೀಯದಲ್ಲಿ ಈ ಪದ ಕಂಡು ಕೆಲವರಿಗೆ ಮುಜುಗರವಾದೀತು. ಮುಜುಗರ ಪಟ್ಟುಕೊಂಡೇ ಇಲ್ಲಿಯವರೆಗೆ ಬಂದಿದ್ದೇವೆ, ಅದರಿಂದ ಯಾರಿಗೂ ಒಳ್ಳೆಯದಾಗಿಲ್ಲ.

ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳೋಣ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಕತ್ತಲೆ ಕೋಣೆಯಲ್ಲಿ ನೆತ್ತರು ಹರಿದು ಹೆಣ್ಣುಮಕ್ಕಳು ಸಾಯುತ್ತಿದ್ದ ಕಾಲ ಮತ್ತೆ ಬರಲಿ ಎಂದು ಯಾರೂ ಬಯಸುವುದಿಲ್ಲ. ಆದರೂ 2018–20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ನಮ್ಮಲ್ಲಿ ಸತ್ತ ತಾಯಂದಿರು 69. ಅದೇ ಲೆಕ್ಕ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಗಡಿಯಾಚೆಯ ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯವರು ನಾವೇ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಏರಿಸಿದ್ದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂದಾಗ ರಾಜ್ಯವೇ ಒಮ್ಮೆ ಬೆಚ್ಚಿಬಿತ್ತು. ಸಾವು ಕಣ್ಣಿಗೆ ಬೀಳುತ್ತದೆ, ಸುದ್ದಿಯಾಗುತ್ತದೆ, ವಿಧಾನಸಭೆಯಲ್ಲಿ ಪ್ರಶ್ನೆಯೂ ಏಳುತ್ತದೆ. ಸಾಯದೆ ಉಳಿದವಳು ಕೆರೆತ, ಉರಿ, ದುರ್ನಾತ, ಹೊಲಿಗೆಯ ನೋವು ಹೊತ್ತುಕೊಂಡು ವರ್ಷಗಟ್ಟಲೆ ಮನೆಗೆಲಸ ಮಾಡಿಕೊಂಡಿರುತ್ತಾಳಲ್ಲ, ಅವಳದು ಯಾವ ಲೆಕ್ಕದಲ್ಲೂ ಇಲ್ಲ.

ತಿಂಗಳ 9ನೇ ತಾರೀಖು ಯಾವುದಾದರೊಂದು ಸರ್ಕಾರಿ ಆಸ್ಪತ್ರೆಗೆ ಹೋಗಿ ನೋಡಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಅಂದು ಗರ್ಭಿಣಿಯರ ತಪಾಸಣೆ. ಕೈಯಲ್ಲಿ ತಾಯಿ ಕಾರ್ಡ್, ಪಕ್ಕದಲ್ಲಿ ಅತ್ತೆಯೋ ತಾಯಿಯೋ. ತೂಕ, ಬಿಪಿ, ರಕ್ತ, ಮೂತ್ರ, ಕಬ್ಬಿಣದ ಮಾತ್ರೆ, ಸ್ಕ್ಯಾನಿಂಗಿಗೆ ಚೀಟಿ. ಎಲ್ಲ ಚಕಚಕನೆ ನಡೆಯುತ್ತದೆ, ನಡೆಯಲೇಬೇಕು, ಹೊರಗೆ ಇನ್ನೂ ಐವತ್ತು ಜನ ಕಾದಿರುತ್ತಾರೆ. ಡಾಕ್ಟರ ಮೇಜಿಗೂ ಸರದಿಯ ಮೊದಲ ಕುರ್ಚಿಗೂ ಇರುವುದು ಒಂದು ಮೊಳ ದೂರ. ಪರೀಕ್ಷೆಯ ಮಂಚದ ಮೇಲೆ ರಿಜಿಸ್ಟರುಗಳು, ಮಾತ್ರೆಯ ರಟ್ಟಿನ ಡಬ್ಬಗಳು. ಪರದೆಯ ಕಂಬಿ ಇದೆ, ಪರದೆ ಇಲ್ಲ. "ಬೇರೆ ಏನಾದ್ರೂ ತೊಂದ್ರೆ ಇದೆಯೇನಮ್ಮಾ?" "ಏನಿಲ್ಲ ಮೇಡಂ." ಹಿಂದೆ ಕುಳಿತವರ ಕಿವಿ ನೆಟ್ಟಗಿರುವಾಗ ಇನ್ನೇನು ಹೇಳಿಯಾಳು? ಆ ಜಾಗದಲ್ಲಿ 'ಬಿಳಿಸೆರಗು' ಎಂದು ಬಾಯಿ ಬಿಡಲಾರಳು. ಮನೆಮಾತು ತೆಲುಗಾದವಳು 'ತೆಲ್ಲಬಟ್ಟ' ಎಂದೂ ಅನ್ನಲಾರಳು.

ಹಾಗಾಗಿ ಅವಳಿಗೆ ತಿಳಿಯಬೇಕಾದ ಮೊದಲ ಸಂಗತಿಯೇ ತಿಳಿಯದೆ ಉಳಿಯುತ್ತದೆ. ಬಸುರಿಯಲ್ಲಿ ಬಿಳಿ ಹೋಗುವುದು ಹೆಚ್ಚಾಗುವುದು ಸಹಜ. ಈಸ್ಟ್ರೋಜನ್ ಏರಿ, ಯೋನಿಯೊಳಗೆ ವಾಸಿಸುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಗಳಿಗೆ ಆಹಾರ ಹೆಚ್ಚಿ, ಅವು ಒಳಗಿನ ಹುಳಿತನವನ್ನು ಕಾಪಾಡುತ್ತವೆ. ತೆಳ್ಳಗೆ, ಹಾಲಿನಂತೆ, ವಾಸನೆಯಿಲ್ಲದೆ ಹೋದರೆ ಅದು ರೋಗವಲ್ಲ. 'ಉಷ್ಣ'ವೂ ಅಲ್ಲ, ಮೈಯ ಸತ್ವ ಹರಿದುಹೋಗುತ್ತಿರುವುದೂ ಅಲ್ಲ. ಒಡೆದ ಮೊಸರಿನಂತೆ ಗಟ್ಟಿಯಾಗಿ ಹೋಗಿ ಕೆರೆತ ಬಂದರೆ ಅದು ಕ್ಯಾಂಡಿಡಾ ಶಿಲೀಂಧ್ರ. ಬಸುರಿಯರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ಇದು ಸುಲಭವಾಗಿ ಅಂಟಿಕೊಳ್ಳುತ್ತದೆ. ಬೂದುಬಣ್ಣವಿದ್ದು ಮೀನಿನ ವಾಸನೆ ಹೊಡೆದರೆ ಒಳಗಿನ ಬ್ಯಾಕ್ಟೀರಿಯಗಳ ಸಮತೋಲ ತಪ್ಪಿದೆ ಎಂದು ತಿಳಿಯಬೇಕು. ಇದನ್ನು ಕಡೆಗಣಿಸುವಂತಿಲ್ಲ, ದಿನ ತುಂಬುವ ಮೊದಲೇ ಹೆರಿಗೆಯಾಗುವುದಕ್ಕೂ ಇದಕ್ಕೂ ನಂಟಿದೆ. ಹಸಿರು-ಹಳದಿ ನೊರೆ ಕಂಡರೆ ಗಂಡನಿಗೂ ಔಷಧಿ ಆಗಲೇಬೇಕು. ಅವಳೊಬ್ಬಳು ಗುಣವಾಗಿ ಪ್ರಯೋಜನವಿಲ್ಲ, ಅದು ಮತ್ತೆ ಅವನಿಂದಲೇ ಬರುತ್ತದೆ. ಇನ್ನು ನೀರಿನಂತೆ ಸೋರತೊಡಗಿದರೆ, ರಕ್ತ ಕಂಡರೆ, ಬೆಳಗಾಗಲಿ ಎಂದು ಕಾಯಬಾರದು, ಆ ಕ್ಷಣ ಆಸ್ಪತ್ರೆಗೆ ಹೊರಡಬೇಕು. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಎಲ್ಲೂ ಸಿಗುತ್ತಿಲ್ಲ.

ಆಸ್ಪತ್ರೆಯಲ್ಲಿ ಸಿಗದ ನಿಮಿಷ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಸಂತೆಯ ದಿನ ಕೌಂಟರಿನ ಮುಂದೆ ಗಂಡಸರೆಲ್ಲ ಸರಿಯುವವರೆಗೆ ಒಂದು ಮೂಲೆಯಲ್ಲಿ ನಿಂತು, ಕೊನೆಗೆ ದನಿ ತಗ್ಗಿಸಿ "ಅದೇ, ಕೆಳಗಡೆ ಕೆರೆತಕ್ಕೆ" ಎನ್ನುವ ಹೆಂಗಸನ್ನು ನೋಡದವರುಂಟೇ? ಏನು, ಎತ್ತ, ಬಸುರಿಯೋ ಬಾಣಂತಿಯೋ ಎಂದು ಅಂಗಡಿಯವನೂ ಕೇಳುವುದಿಲ್ಲ. ಕಾಗದದಲ್ಲಿ ಸುತ್ತಿ ಒಂದು ಟ್ಯೂಬ್ ಕೊಡುತ್ತಾನೆ. ಎಷ್ಟೋ ಸಲ ಅದು ಸ್ಟಿರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಕಲಸಿದ ಮುಲಾಮು. ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಬಿಗಿ ಮಾಡಿದೆ. ಹಚ್ಚಿದ ಎರಡು ದಿನಕ್ಕೆ ಕೆರೆತ ನಿಲ್ಲುತ್ತದೆ, ಚರ್ಮ ತೆಳ್ಳಗಾಗುತ್ತದೆ, ಬಿಟ್ಟ ಮರುವಾರ ಇಮ್ಮಡಿಯಾಗಿ ಮರಳುತ್ತದೆ. ಇನ್ನು ಮಾತ್ರೆಯ ವಿಚಾರ. ಸರ್ಕಾರದ್ದೇ ಬಣ್ಣದ ಕಿಟ್‌ಗಳಿವೆ. ಬಿಳಿ ಹೋಗುವುದಕ್ಕೆಂದು ಕೊಡುವ ಹಸಿರು ಕಿಟ್ಟಿನಲ್ಲಿ ಫ್ಲುಕೊನಜೋಲ್ ಇರುತ್ತದೆ. ಬಸುರಿಗೆ ಆ ಮಾತ್ರೆ ನುಂಗಿಸುವಂತಿಲ್ಲ, ಅವಳಿಗೆ ಯೋನಿಯೊಳಗೆ ಇಟ್ಟುಕೊಳ್ಳುವ ಕ್ಲೋಟ್ರಿಮಜೋಲ್ ಕೊಡಬೇಕು. ಆಸ್ಪತ್ರೆಯವರಿಗೆ ತಿಳಿದಿರುವ ಈ ವ್ಯತ್ಯಾಸ ಕೌಂಟರಿನ ಹುಡುಗನಿಗೆ ತಿಳಿದಿದೆಯೆಂದು ನಂಬಿ ಕೂರಬೇಕೇ?

ಅದೇ ಕೌಂಟರಿನ ಗಾಜಿನ ಕಪಾಟಿನಲ್ಲಿ ಈಗ ಗುಲಾಬಿ ಬಣ್ಣದ ಬಾಟಲಿಗಳು ಸಾಲುಗಟ್ಟಿವೆ. ಇಂಟಿಮೇಟ್ ವಾಷ್ ಅಂತೆ. ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ, ಹೊರಗೆ ಬರಿಯ ನೀರು ಸಾಕು. ಸೋಪು, ಗಾಯ ತೊಳೆಯುವ ಆಂಟಿಸೆಪ್ಟಿಕ್, ಸುಗಂಧದ ದ್ರವ ಒಳಗೆ ಬಿಟ್ಟು ತೊಳೆದರೆ ಕಾವಲಿಗಿದ್ದ ಬ್ಯಾಕ್ಟೀರಿಯಗಳೇ ಸಾಯುತ್ತವೆ. ಈ ಸತ್ಯವನ್ನು ಉಚಿತವಾಗಿ ಹೇಳಬೇಕಾದ ಸರ್ಕಾರ ಸುಮ್ಮನಿದೆ. ಸುಳ್ಳನ್ನು ದುಡ್ಡು ಕೊಟ್ಟು ಕೇಳಿಸುವ ಜಾಹೀರಾತು ದಿನಕ್ಕೆ ಹತ್ತು ಸಲ ಟಿವಿಯಲ್ಲಿ ಬರುತ್ತದೆ.

ಈ ಸೀಮೆ ಹಾಲು ಮತ್ತು ರೇಷ್ಮೆಯದು. ಹಸು ಇಟ್ಟುಕೊಂಡ ಯಾವ ಗಂಡಸನ್ನು ಬೇಕಾದರೂ ಕೇಳಿ, ಲೋಳೆ ತಿಳಿಯಾಗಿದ್ದರೆ ಬೆದೆ, ಬೆಳ್ಳಗೆ ಕೀವಿನಂತಿದ್ದರೆ ಗರ್ಭಕೋಶಕ್ಕೆ ನಂಜು ಎಂದು ಪಾಠ ಹೇಳುತ್ತಾನೆ. ಕರು ಹಾಕಿದ ಹಸುವಿನ ಮಾಸು ಬಿತ್ತೋ ಇಲ್ಲವೋ ಎಂದು ರಾತ್ರಿಯೆಲ್ಲ ಟಾರ್ಚು ಹಿಡಿದು ಕೊಟ್ಟಿಗೆಯಲ್ಲಿ ಕೂರುತ್ತಾನೆ, ಬೀಳದಿದ್ದರೆ ಡೇರಿ ಡಾಕ್ಟರನ್ನು ನಿದ್ದೆಯಿಂದ ಎಬ್ಬಿಸುತ್ತಾನೆ. ರೇಷ್ಮೆ ಹುಳುವಿನ ಮನೆಯೊಳಗೆ ಕಾಲು ಕೈ ತೊಳೆಯದೆ ಯಾರನ್ನೂ ಬಿಡುವುದಿಲ್ಲ. ಪ್ರತಿ ಬೆಳೆಗೂ ಮೊದಲು ಬ್ಲೀಚಿಂಗ್ ಪುಡಿ, ಸುಣ್ಣ. ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆ, ಗಂಟುರೋಗ, ಒಂದೊಂದರ ಲಕ್ಷಣವೂ ಬಾಯಿಪಾಠ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆರಿಗೆ ಮಾಡಿಸುವವರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಕಟ್ಟು ಮಾಡಿದಾಗ ಬಾಣಂತಿ ಜ್ವರದ ಸಾವು ಒಮ್ಮೆಲೇ ಇಳಿಯಿತು. ಆ ಕ್ಲೋರಿನ್ ಸುಣ್ಣವೆಂದರೆ ನಮ್ಮ ಹುಳುಮನೆಯ ಬ್ಲೀಚಿಂಗ್ ಪುಡಿಯೇ. ಹುಳುವಿಗೆ ಕೊಟ್ಟ ಈ ತಿಳಿವಳಿಕೆಯಲ್ಲಿ ಕಾಲು ಭಾಗವಾದರೂ ಹೆತ್ತವಳಿಗೆ ಏಕೆ ಸಿಗಲಿಲ್ಲ ಎಂಬ ಪ್ರಶ್ನೆಗೆ ಈ ಜಿಲ್ಲೆಯ ಗಂಡಸರು ಉತ್ತರ ಕೊಡಬೇಕಾಗುತ್ತದೆ. ಈ ಪುಟದಲ್ಲಿ ಬರೆಯುವ ನಾವೂ ಅದರಿಂದ ಹೊರತಲ್ಲ.

ಹೆರಿಗೆಯ ನಂತರದ ಕಥೆ ಇನ್ನೂ ಹೀನ. ಸಹಜ ಹೆರಿಗೆಯಾದರೆ ಎರಡು ಮೂರು ದಿನಕ್ಕೆ ಮನೆ. ದಾರಿ ಅಗಲವಾಗಲೆಂದು ಕೊಯ್ದು ಹಾಕಿದ ಹೊಲಿಗೆ ಇನ್ನೂ ಹಸಿಯಾಗಿರುತ್ತದೆ. ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳಿ ಕಳಿಸುವುದು ಅಪರೂಪ. ಉಗುರುಬೆಚ್ಚಗಿನ ನೀರು ತುಂಬಿದ ಬೇಸಿನ್ನಿನಲ್ಲಿ ದಿನಕ್ಕೆರಡು ಬಾರಿ ಹತ್ತು ನಿಮಿಷ ಕೂರುವುದು, ಮುಂದಿನಿಂದ ಹಿಂದಕ್ಕೆ ತೊಳೆಯುವುದು, ಒರೆಸಿ ಒಣಗಿಸುವುದು, ನಾಲ್ಕಾರು ಗಂಟೆಗೊಮ್ಮೆ ಪ್ಯಾಡ್ ಬದಲಿಸುವುದು, ಇದರಲ್ಲಿ ಯಾವ ಬ್ರಹ್ಮವಿದ್ಯೆಯೂ ಇಲ್ಲ. ಮೈಲಿಗೆಯ ರಕ್ತ ಮೊದಲ ಮೂರು ನಾಲ್ಕು ದಿನ ಕೆಂಪಗೆ, ಆಮೇಲೆ ಕಂದು, ಹತ್ತು ದಿನದ ನಂತರ ಬಿಳಿಚಿಕೊಂಡು, ಐದಾರು ವಾರಕ್ಕೆ ನಿಲ್ಲುತ್ತದೆ. ನಡುವೆ ದುರ್ನಾತ ಬಂದು ಜ್ವರ 100.4 ದಾಟಿದರೆ ಅದು ನಂಜು, ಕಷಾಯಕ್ಕೆ ಬಗ್ಗುವಂಥದಲ್ಲ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನಗಳಲ್ಲಿ ಮನೆಗೆ ಬರಬೇಕೆಂಬ ನಿಯಮವಿದೆ. ಆಕೆಯ ನಮೂನೆಯಲ್ಲಿ ತಾಯಿಯ ಜ್ವರ, ದುರ್ವಾಸನೆ, ಎಷ್ಟು ಪ್ಯಾಡ್ ಎಂಬ ಪ್ರಶ್ನೆಗಳೂ ಇವೆ. ಆದರೆ ಮಗುವನ್ನು ತೂಗಿ, ಉಸಿರು ಎಣಿಸಿ, ಮೊಬೈಲಿನಲ್ಲಿ ಅಷ್ಟನ್ನೂ ತುಂಬಿಸಿ ಮುಂದಿನ ಮನೆಗೆ ಓಡಬೇಕಾದ ಆಶಾ, ನಡುಮನೆಯಲ್ಲಿ ಮಾವ ಕುಳಿತಿರುವಾಗ ತಾಯಿಯನ್ನು ಆ ಪ್ರಶ್ನೆ ಹೇಗೆ ಕೇಳಬೇಕು? ಗೌರವಧನಕ್ಕಾಗಿ ವರ್ಷಕ್ಕೊಮ್ಮೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಬೇಕಾದವಳ ಮೇಲೆ ಇಡೀ ವ್ಯವಸ್ಥೆಯ ಮೌನವನ್ನೂ ಹೇರಿ ನಾವು ಕೈತೊಳೆದುಕೊಂಡಿದ್ದೇವೆ.

ಮನೆಯೊಳಗೂ ಕತ್ತಲೆ ಕಡಿಮೆಯಿಲ್ಲ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ಗುಟುಕು ಗುಟುಕಾಗಿ ಅಳೆದು ಕೊಡುವ ಮನೆಗಳು ಇಂದಿಗೂ ಇವೆ. ಹಾಲುಣಿಸುವವಳಿಗೆ ಬೇಕಾಗುವುದೇ ನೀರು. ಕುಡಿಯದಿದ್ದರೆ ಮೂತ್ರ ಉರಿಯುತ್ತದೆ, ಮಲ ಗಟ್ಟಿಯಾಗಿ ಹೊಲಿಗೆಯ ಮೇಲೆ ಬಲ ಬೀಳುತ್ತದೆ. ಅಜ್ಜಿಯ ಬಾಣಂತನವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಎಣ್ಣೆ ತಿಕ್ಕಿ, ಹದವಾದ ಬಿಸಿನೀರು ಹುಯ್ದು, ಹೆತ್ತವಳನ್ನು ತಿಂಗಳುಗಟ್ಟಲೆ ಕೆಲಸಕ್ಕೆ ಹಚ್ಚದೆ ಇಟ್ಟುಕೊಳ್ಳುತ್ತಿದ್ದ ಆ ಪದ್ಧತಿಯಲ್ಲಿ ದೊಡ್ಡ ವಿವೇಕವಿತ್ತು. ದುರ್ದೈವವೆಂದರೆ ವಿವೇಕ ಹೋಗಿ ಪಥ್ಯ ಉಳಿದಿದೆ. ಮೂರನೇ ವಾರಕ್ಕೆ ಬಿಂದಿಗೆ ಹೊರುವ ಬಾಣಂತಿಗೂ ನೀರು ಕುಡಿಯುವುದಕ್ಕೆ ಮಾತ್ರ ಕಟ್ಟುನಿಟ್ಟು. ಸಡಿಲಾದ ಮೈ ಬಿಗಿಯಾಗುವ ಮೊದಲೇ ಭಾರ ಎತ್ತಿದರೆ ನಲವತ್ತಕ್ಕೆಲ್ಲ ಗರ್ಭಕೋಶ ಜಾರುವ ಅಪಾಯ. ಮೂತ್ರ ತಡೆದಂತೆ ಒಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಅದನ್ನು ಎಷ್ಟೋ ತಡೆಯುತ್ತದೆ. ಬೆಂಗಳೂರಿನ ದುಬಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ತರಗತಿಗಳೇ ನಡೆಯುತ್ತವೆ, ಅರವತ್ತು ಕಿಲೋಮೀಟರ್ ಈಚೆಗೆ ಅದರ ಹೆಸರೂ ಕೇಳಿಲ್ಲ.

ಒಂದು ಕಾಲದಲ್ಲಿ ಈ ಜಾಗ ತುಂಬುತ್ತಿದ್ದವಳು ಸೂಲಗಿತ್ತಿ. ಪಾವಗಡ ಸೀಮೆಯ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅವರ ಪೀಳಿಗೆಯ ಸೂಲಗಿತ್ತಿಯರಿಗೆ ಹೆರಿಗೆ ಮಾಡಿಸುವುದು ಅರ್ಧ ಕೆಲಸ. ಆಮೇಲೆ ದಿನಾ ಬಂದು ತಾಯಿ ಮಗುವಿಗೆ ನೀರು ಹಾಕಿ, ಬಾಗಿಲು ಮುಂದೆ ಮಾಡಿ "ಎಂಗಿದೆಯೇ ತಾಯಿ, ಉರಿ ಕಮ್ಮಿಯಾತಾ?" ಎಂದು ಕೇಳುವುದು ಇನ್ನರ್ಧ. ಹೆರಿಗೆಯನ್ನು ನಾವು ಆಸ್ಪತ್ರೆಗೆ ಸಾಗಿಸಿದೆವು, ಸರಿ. ಆ ಬಾಗಿಲು ಮುಂದೆ ಮಾಡಿ ಕೇಳುವ ಕೆಲಸವನ್ನು ಯಾರ ಕೈಗೂ ಒಪ್ಪಿಸಲಿಲ್ಲ. ಇಲ್ಲಿ ಕುಸಿದದ್ದು ಇದೇ.

ಸರ್ಕಾರ ಕೊಟ್ಟದ್ದನ್ನೂ ಕಳೆದುಕೊಂಡಿದ್ದೇವೆ. 2007ರಲ್ಲಿ ಬಂದ ಮಡಿಲು ಕಿಟ್ಟಿನಲ್ಲಿ ಮಗುವಿನ ಟೋಪಿ, ಸೊಳ್ಳೆಪರದೆಗಳ ಜೊತೆಗೆ ತಾಯಿಗೆ ಸ್ಯಾನಿಟರಿ ಪ್ಯಾಡ್, ಹೊಟ್ಟೆಗೆ ಕಟ್ಟುವ ಬಟ್ಟೆ, ಸೋಪು ಇರುತ್ತಿದ್ದವು. ಬಡ ಬಾಣಂತಿಗೂ ಇಂಥದ್ದು ಬೇಕು ಎಂದು ಸರ್ಕಾರ ಯೋಚಿಸಿದ್ದೇ ಆಗ. ಕೆಲವು ವರ್ಷಗಳ ನಂತರ ಆ ಕಿಟ್ಟನ್ನೂ ಕೈಬಿಡಲಾಯಿತು. ಶುಚಿ ಯೋಜನೆಯ ಪ್ಯಾಡ್ ಹರೆಯದ ಹುಡುಗಿಯರಿಗೆ, ಅದೂ ಕೋವಿಡ್ ಕಾಲದಲ್ಲಿ ನಿಂತು 2024ರಲ್ಲಿ ಮತ್ತೆ ಕಣ್ಣು ಬಿಟ್ಟಿದೆ. ಆರು ವಾರ ರಕ್ತ ಹೋಗುವ ಬಾಣಂತಿಗೆ ಮಾತ್ರ ಹಳೇ ಸೀರೆಯ ತುಂಡೇ ಗತಿ. ಬಟ್ಟೆಯಲ್ಲಿ ದೋಷವಿಲ್ಲ, ಸೋಪು ಹಚ್ಚಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಆದರೆ ಅದನ್ನು ಯಾರೂ ಬಿಸಿಲಿಗೆ ಹಾಕುವುದಿಲ್ಲ, ಬಚ್ಚಲ ಮೂಲೆಯ ತೇವದಲ್ಲಿ ಇನ್ನೊಂದು ಬಟ್ಟೆಯ ಕೆಳಗೆ ಮುಚ್ಚಿ ಒಣಗಿಸುತ್ತಾರೆ.

ಹಾಲುಣಿಸುವ ತಿಂಗಳುಗಳ ಬಗ್ಗೆ ಇನ್ನೂ ಒಂದು ಮಾತನ್ನು ಗಂಡಸರಿಗೇ ಹೇಳಬೇಕಿದೆ. ಹಾಲು ಇಳಿಸುವ ಪ್ರೊಲ್ಯಾಕ್ಟಿನ್ ಏರಿದಾಗ ಈಸ್ಟ್ರೋಜನ್ ತಗ್ಗುತ್ತದೆ. ಯೋನಿ ಒಣಗುತ್ತದೆ, ಒಳಚರ್ಮ ತೆಳ್ಳಗಾಗುತ್ತದೆ, ಮುಟ್ಟಿದರೆ ಉರಿ. ಇದು ರೋಗವಲ್ಲ, ಅವಳಿಗೆ ನಿಮ್ಮ ಮೇಲೆ ಮನಸ್ಸಿಲ್ಲ ಎಂಬುದರ ಗುರುತೂ ಅಲ್ಲ. ಮಗು ಹಾಲು ಬಿಡುತ್ತಾ ಬಂದಂತೆ ತಾನಾಗಿ ಸರಿಹೋಗುತ್ತದೆ. ಆರು ವಾರ ದೂರವಿರುವುದು, ಆಮೇಲೂ ಅವಳು ಒಪ್ಪಿದಾಗಲೇ ಮುಂದುವರಿಯುವುದು, ನೀರಿನಂಶದ ಜೆಲ್ ಬಳಸುವುದು, ತಾಳಲಾರದಷ್ಟಾದರೆ ವೈದ್ಯರನ್ನು ಕೇಳಿ ಹಚ್ಚುವ ಔಷಧಿ ಪಡೆಯುವುದು, ದಾರಿ ಇಷ್ಟೇ. ಈ ನಾಲ್ಕು ಸಾಲು ತಿಳಿಯದೆ ಎಷ್ಟು ಮನೆಗಳಲ್ಲಿ ರಾತ್ರಿಯ ಜಗಳ ಹಗಲಿನ ಹೊಡೆತವಾಗಿದೆಯೋ, ಎಷ್ಟು ಹುಡುಗಿಯರು ಹಲ್ಲುಕಚ್ಚಿ ಸಹಿಸಿದ್ದಾರೋ.

ಶಿಡ್ಲಘಟ್ಟದ ನೂಲು ಬಿಚ್ಚಣಿಕೆ ಘಟಕಗಳಿಗೆ ಬನ್ನಿ. ಕುದಿಯುವ ನೀರಿನ ಬೇಸಿನ್ನಿನ ಮುಂದೆ ಹೆಂಗಸರು ಬೆಳಗಿನಿಂದ ನಿಂತಿರುತ್ತಾರೆ. ಬಿಸಿ, ಹಬೆ, ಬೆವರು, ಸೊಂಟದವರೆಗೆ ಒದ್ದೆಯಾದ ಸೀರೆ. ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಬಹಳಷ್ಟು ಚಿಕ್ಕ ಘಟಕಗಳಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ಹಾಗಾಗಿ ನೀರು ಕುಡಿಯುವುದಿಲ್ಲ, ಬಂದದ್ದನ್ನು ತಡೆಹಿಡಿಯುತ್ತಾರೆ. ಬಸುರಿಯಲ್ಲಿ ಮೂತ್ರದ ಸೋಂಕು ಲಕ್ಷಣವಿಲ್ಲದೆಯೂ ಬರುತ್ತದೆ, ಮೂತ್ರಪಿಂಡಕ್ಕೆ ಏರಿದರೆ ತಾಯಿ ಮಗು ಇಬ್ಬರಿಗೂ ಕುತ್ತು. ಏಷ್ಯಾದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು ನಮ್ಮಲ್ಲಿದೆ ಎಂದು ಎದೆಯುಬ್ಬಿಸುವ ಊರು ಇದು.

ಇದೆಲ್ಲ ಗೊತ್ತಿಲ್ಲದೆ ಆದದ್ದೂ ಅಲ್ಲ. 1989ರಲ್ಲೇ ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ, ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿದೆ, ಅದಕ್ಕೆ ಮೊದಲು ತಪಾಸಣೆ ಕಂಡವರು ನೂರಕ್ಕೆ 8 ಮಾತ್ರ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. 1995ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಜಗದೀಶ್ ಭಾಟಿಯಾ ಮತ್ತು ಜಾನ್ ಕ್ಲೆಲೆಂಡ್ ಕರ್ನಾಟಕದ್ದೇ ಸುಮಾರು 3,600 ಎಳೆಯ ತಾಯಂದಿರನ್ನು ಮಾತಾಡಿಸಿದಾಗ ಮೂವರಲ್ಲಿ ಒಬ್ಬಳು ಬಿಳಿ ಹೋಗುವುದು, ಕಿಬ್ಬೊಟ್ಟೆಯ ನೋವು, ನಿಶ್ಶಕ್ತಿ ಎಂದು ಏನಾದರೊಂದನ್ನು ಹೇಳಿಕೊಂಡಳು. ಆಗ ಮಡಿಲಲ್ಲಿದ್ದ ಮಕ್ಕಳು ಇಂದು ತಾವೇ ತಾಯಂದಿರು. ಅವರನ್ನೂ ಯಾರೂ ಕೇಳಿಲ್ಲ. ಕೇಳದೆ ಬಿಟ್ಟರೆ ಕೊನೆಗೆ ಏನಾಗುತ್ತದೆಂಬುದನ್ನು ಕಲಬುರಗಿ ತೋರಿಸಿದೆ. ಬಿಳಿ ಹೋಗುತ್ತದೆ, ಸೊಂಟ ನೋವು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ತಾಂಡಾದ ಹೆಣ್ಣುಮಕ್ಕಳಿಗೆ, ಇನ್ನೂ ನಲವತ್ತೂ ಆಗದವರಿಗೆ, ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶವನ್ನೇ ತೆಗೆದುಹಾಕಿದರು. ಒಂದು ವಾರದ ಔಷಧಿಗೆ ಹೋಗುತ್ತಿದ್ದ ತೊಂದರೆಗೆ ಸಾಲ ಮಾಡಿ ಆಪರೇಷನ್. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯಲು ರಾಜ್ಯಗಳು ಕೇಂದ್ರದ ಮಾರ್ಗಸೂಚಿ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಬೇಕಾಗಿ ಬಂತು. ನಮ್ಮ ಜಿಲ್ಲೆಯಲ್ಲಿ ಮೂವತ್ತೈದರ ಒಳಗೆ ಎಷ್ಟು ಗರ್ಭಕೋಶ ತೆಗೆಯಲಾಗಿದೆ, ಯಾವ ಕಾರಣಕ್ಕೆ, ಯಾವ ಆಸ್ಪತ್ರೆಯಲ್ಲಿ? ಜಿಲ್ಲಾ ಆರೋಗ್ಯಾಧಿಕಾರಿಗಳು ಆ ಪಟ್ಟಿಯನ್ನು ಪ್ರಕಟಿಸಲಿ.

ದೊಡ್ಡ ಕಟ್ಟಡ ಯಾರೂ ಕೇಳುತ್ತಿಲ್ಲ. ಜಂಗಮಕೋಟೆಯೂ ಸೇರಿ ತಾಲ್ಲೂಕಿನ ಪ್ರತಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಯ ಮಂಚ ಖಾಲಿಯಾಗಲಿ, ಅದಕ್ಕೊಂದು ಪರದೆ ಬೀಳಲಿ, ಒಳಗೆ ಒಬ್ಬಳೇ ಬರಲಿ. ಬಿಳಿ ಹೋಗುತ್ತಿದೆಯೇ, ಬಣ್ಣವೇನು, ಕೆರೆತವೇ, ವಾಸನೆಯೇ ಎಂಬ ನಾಲ್ಕು ಪ್ರಶ್ನೆ ತಾಯಿ ಕಾರ್ಡಿನಲ್ಲಿ ಅಚ್ಚಾಗಲಿ, ಉತ್ತರ ಬರೆಯದೆ ಕಾರ್ಡು ವಾಪಸ್ ಕೊಡಬಾರದು. ಡಿಸ್ಚಾರ್ಜ್ ಚೀಟಿಯ ಜೊತೆಗೆ ಆರು ವಾರಕ್ಕಾಗುವಷ್ಟು ಪ್ಯಾಡ್ ಸಿಗಲಿ. ಆಶಾಳಿಗೆ ತಾಯಿಯನ್ನು ಒಬ್ಬಳೇ ಮಾತಾಡಿಸುವ ಹೊತ್ತಿಗೂ ಭತ್ಯೆ ಕೊಡಲಿ. ಔಷಧ ನಿಯಂತ್ರಣಾಧಿಕಾರಿಗಳು ಮೆಡಿಕಲ್ ಸ್ಟೋರುಗಳ ಕಪಾಟನ್ನು ಒಮ್ಮೆ ತೆಗೆಸಿ ನೋಡಲಿ. ನೂಲು ಬಿಚ್ಚಣಿಕೆಗೆ ಪರವಾನಗಿ ಕೊಡುವ ರೇಷ್ಮೆ ಇಲಾಖೆ, ಹೆಂಗಸರಿಗೆ ನೀರಿರುವ ಶೌಚಾಲಯ ತೋರಿಸದ ಘಟಕದ ಪರವಾನಗಿಯನ್ನು ನವೀಕರಿಸದಿರಲಿ. ನಾಳೆ ಇದೇ ಹೋಬಳಿಯಲ್ಲಿ ಕಾರ್ಖಾನೆಗಳು ಎದ್ದರೆ ಸಾವಿರಾರು ಹೆಣ್ಣುಮಕ್ಕಳು ಪಾಳಿಯ ಕೆಲಸಕ್ಕೆ ಹೋಗುತ್ತಾರೆ. ಭೂಮಿಗೆ ಎಕರೆಗೆಷ್ಟು ಎಂದು ಚೌಕಾಸಿ ನಡೆಸುತ್ತಿರುವ ಮುಖಂಡರು, ಪರವಾಗಿರಲಿ ವಿರೋಧವಾಗಿರಲಿ, ಆ ಮಾತುಕತೆಯ ಪಟ್ಟಿಯಲ್ಲಿ ಹೋಬಳಿಗೊಬ್ಬ ಸ್ತ್ರೀರೋಗ ತಜ್ಞೆಯನ್ನೂ ಈಗಲೇ ಬರೆಸಲಿ.